ಪಿಜಿ_ಅಪ್‌ಗ್ರೇಡ್ ಕೈಪಿಡಿಯನ್ನು ತಿದ್ದುವ ಕ್ರಮ

ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ವೇಬ್ರಿಜ್ ಲೆಕ್ಕ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ ಎಂದುಕೊಳ್ಳಿ. ಕಬ್ಬು ನುರಿಸುವ ಹಂಗಾಮು ಶುರುವಾದ ಮೇಲೆ ಸರ್ವರ್ ನಿಲ್ಲಿಸುವಂತಿಲ್ಲವಾದ್ದರಿಂದ, ಹೊಸ ಆವೃತ್ತಿಗೆ ಹೋಗುವ ಕೆಲಸವನ್ನು ಅದಕ್ಕೆ ಮೊದಲೇ, ಡೇಟಾಬೇಸನ್ನು ಮೇಲಿನ ಆವೃತ್ತಿಗೆ ಏರಿಸುವ ಪಿಜಿ_ಅಪ್‌ಗ್ರೇಡ್ ಎಂಬ ಸಾಧನದ ಬಗೆಗಿನ ಕನ್ನಡದ ಒಳಕೈಪಿಡಿಯೊಂದನ್ನು ಎದುರಿಗಿಟ್ಟುಕೊಂಡು ಮುಗಿಸಬೇಕಾಗುತ್ತದೆ. ಆ ಕೈಪಿಡಿಯನ್ನು ತಿದ್ದಲು ಕೂರುವವರು ಕಾಗುಣಿತಕ್ಕೆ ಕೈ ಹಾಕುವ ಮೊದಲು, ಅದು ಯಾವ ಆವೃತ್ತಿಗಾಗಿ ಬರೆದದ್ದು ಎಂಬುದನ್ನು ನೋಡಬೇಕು.

ಉದಾಹರಣೆಗೆ, ಅಪ್‌ಗ್ರೇಡ್ ಆದ ಮೇಲೆ ಪ್ಲಾನರ್ (ಕ್ವೆರಿಯನ್ನು ಯಾವ ದಾರಿಯಲ್ಲಿ ಓಡಿಸಬೇಕೆಂದು ಆರಿಸುವ ಭಾಗ) ಬಳಸುವ ಅಂಕಿಅಂಶಗಳೆಲ್ಲ ಕಳೆದುಹೋಗುತ್ತವೆ ಎಂಬ ಮಾತು 17ನೇ ಆವೃತ್ತಿಯವರೆಗೆ ಸರಿ. 2025ರಲ್ಲಿ ಬಂದ 18ಕ್ಕೆ ಏರಿಸುವಾಗ ಅವುಗಳಲ್ಲಿ ಹೆಚ್ಚಿನವು ಹೊಸ ಕ್ಲಸ್ಟರ್‌ಗೆ, ಅಂದರೆ ಹೊಸ ಸರ್ವರ್ ನಡೆಸುವ ಡೇಟಾಬೇಸ್‌ಗಳ ಗುಂಪಿಗೆ, ಬರುತ್ತವೆ. ‘ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್’ ಕಮಾಂಡ್ ಮೂಲಕ ಮಾಡಿಕೊಂಡವು ಮಾತ್ರ ಬರುವುದಿಲ್ಲ. 18ರಲ್ಲಿ ಹೊಸ ಕ್ಲಸ್ಟರಿಗೆ ಚೆಕ್‌ಸಮ್ (ಡೇಟಾ ಕೆಟ್ಟಿದ್ದರೆ ಪತ್ತೆಹಚ್ಚುವ ಲೆಕ್ಕ) ತಾನಾಗಿಯೇ ಚಾಲೂ ಆಗಿರುತ್ತದೆ. ಹಳೆಯದರಲ್ಲಿ ಅದಿಲ್ಲದಿದ್ದರೆ ಅಪ್‌ಗ್ರೇಡ್ ನಿಲ್ಲುತ್ತದೆ. ಹಾಗಾಗದಿರಲು, ಹೊಸ ಕ್ಲಸ್ಟರನ್ನು ಸೃಷ್ಟಿಸುವ ‘ಇನಿಟ್‌ಡಿಬಿ’ ಓಡಿಸುವಾಗಲೇ ಚೆಕ್‌ಸಮ್ ಬೇಡವೆಂದು ಹೇಳಿರಬೇಕು. ಇದನ್ನೂ ಕೈಪಿಡಿಗೆ ಸೇರಿಸಿ.

ನಿಜವಾದ ಅಪಾಯವಿರುವುದು ಲಿಂಕ್ ಆಯ್ಕೆಯ ಭಾಗದಲ್ಲಿ. ಈ ಆಯ್ಕೆಯಲ್ಲಿ ಕಡತಗಳು ನಕಲಾಗದೆ ಎರಡೂ ಕ್ಲಸ್ಟರ್‌ಗಳಿಗೆ ಹಂಚಿಕೆಯಾಗುವುದರಿಂದ ಕೆಲಸ ಬೇಗ ಮುಗಿಯುತ್ತದೆ, ಡಿಸ್ಕ್ ಜಾಗವೂ ಉಳಿಯುತ್ತದೆ. ‘ತೊಂದರೆಯಾದರೆ ಹಳೆಯ ಸರ್ವರ್‌ಗೆ ಮರಳಬಹುದು’ ಎಂಬ ಒಂದೇ ಸಾಲು ಇಲ್ಲಿ ಸಾಲದು. ಅದನ್ನು ಮೂರು ಸ್ಥಿತಿಗಳಾಗಿ ಬಿಡಿಸಿ ಬರೆಯಿರಿ: ಲಿಂಕ್ ಆರಂಭವಾಗುವ ಮೊದಲೇ ಕೆಲಸ ನಿಂತಿದ್ದರೆ ಹಳೆಯ ಸರ್ವರ್ ಇದ್ದಂತೆಯೇ ಚಾಲೂ ಆಗುತ್ತದೆ; ಲಿಂಕ್ ಆಗಿ ಹೊಸ ಸರ್ವರನ್ನು ಇನ್ನೂ ಚಾಲೂ ಮಾಡಿರದಿದ್ದರೆ, ಹಳೆಯ ಡೇಟಾ ಡೈರೆಕ್ಟರಿಯ ‘ಗ್ಲೋಬಲ್’ ಒಳಗೆ ‘ಪಿಜಿ_ಕಂಟ್ರೋಲ್’ ಕಡತದ ಹೆಸರಿಗೆ ಅಂಟಿದ ‘.ಓಲ್ಡ್’ ಬಾಲವನ್ನು ತೆಗೆದು ಚಾಲೂ ಮಾಡಬಹುದು. ಹೊಸ ಸರ್ವರ್ ಒಮ್ಮೆ ಚಾಲೂ ಆಗಿದ್ದರೆ ಹಳೆಯದನ್ನು ಮುಟ್ಟುವಂತಿಲ್ಲ, ಬ್ಯಾಕಪ್‌ನಿಂದಲೇ ಮರಳಿ ಪಡೆಯಬೇಕು. ಇಂಥ ಎಚ್ಚರಿಕೆಯನ್ನು ಪುಟದ ಕೊನೆಯ ಟಿಪ್ಪಣಿಗೆ ತಳ್ಳುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅದು ಕಮಾಂಡ್‌ನ ಮೇಲಿನ ಸಾಲಿನಲ್ಲಿರಬೇಕು, ಏಕೆಂದರೆ ಓದುವವರು ಕಮಾಂಡ್ ಸಿಕ್ಕ ಕೂಡಲೇ ಕಾಪಿ ಮಾಡಿ ಎಂಟರ್ ಒತ್ತುತ್ತಾರೆ.

ಬರೆದ ಪ್ರತಿ ಸ್ಥಿತಿಯನ್ನೂ ಬೇರೊಂದು ಯಂತ್ರದಲ್ಲಿ ಓಡಿಸಿ ನೋಡಿ; ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಧೀನದ ಯಾವುದೇ ಕಾಲೇಜಿನ ಡಿಬಿಎಂಎಸ್ ಲ್ಯಾಬ್‌ನ ಕಂಪ್ಯೂಟರ್ ಇದಕ್ಕೆ ಧಾರಾಳವಾಯಿತು. ಹಳೆಯ ಮತ್ತು ಹೊಸ ಡೈರೆಕ್ಟರಿಗಳು ಒಂದೇ ಫೈಲ್ ಸಿಸ್ಟಮ್‌ನಲ್ಲಿರಬೇಕು, ಇಲ್ಲದಿದ್ದರೆ ಲಿಂಕ್ ಆಗುವುದಿಲ್ಲ. ಏನನ್ನೂ ಬದಲಿಸದೆ ಅಪ್‌ಗ್ರೇಡ್ ಸಾಧ್ಯವೇ ಎಂದಷ್ಟೇ ಪರೀಕ್ಷಿಸುವ ಚೆಕ್ ಆಯ್ಕೆಯನ್ನು ಹಳೆಯ ಸರ್ವರ್ ಓಡುತ್ತಿರುವಾಗಲೂ ಬಳಸಬಹುದು ಎಂಬುದನ್ನು ಮೊದಲ ಹೆಜ್ಜೆಯಾಗಿಯೇ ಬರೆದರೆ, ಅರ್ಧ ಗೊಂದಲ ಹಗಲಿನಲ್ಲೇ ಬಗೆಹರಿಯುತ್ತದೆ.

ತಪ್ಪು ಮೂಲ ಇಂಗ್ಲಿಷ್ ದಾಖಲೆಯಲ್ಲೇ ಕಂಡುಬಂದರೆ, ಅದರ ಕಡತ ಪೋಸ್ಟ್‌ಗ್ರೆಸ್ ಸೋರ್ಸ್‌ನಲ್ಲಿ ‘ಪಿಜಿಅಪ್‌ಗ್ರೇಡ್.ಎಸ್‌ಜಿಎಂಎಲ್’ ಎಂಬ ಹೆಸರಿನಲ್ಲಿದೆ. ಟ್ಯಾಗ್‌ಗಳನ್ನು ಕೆಡಿಸದೆ ತಿದ್ದಿ, ಎಚ್‌ಟಿಎಂಎಲ್ ಬಿಲ್ಡ್ ಮಾಡಿ, ಒಂದು ಪ್ಯಾಚ್‌ನಲ್ಲಿ (ಬದಲಾವಣೆಗಳನ್ನಷ್ಟೇ ಹೊಂದಿದ ಕಡತದಲ್ಲಿ) ಒಂದೇ ತಿದ್ದುಪಡಿಯನ್ನಿಟ್ಟು, ಅದು ಯಾವ ಆವೃತ್ತಿಗಳ ಪುಟಗಳಿಗೆ ಅನ್ವಯಿಸುತ್ತದೆ ಎಂಬುದನ್ನು ವಿವರಣೆಯಲ್ಲಿ ನಮೂದಿಸಿ ಕಳುಹಿಸಿ.