ಹಳೇ ಲ್ಯಾಪ್‌ಟಾಪ್‌ಗೆ ಬೂಟ್ ಪೆನ್‌ಡ್ರೈವ್: ನಾನು ಮಾಡಿದ್ದು ಹೀಗೆ

ಹಳೇ ಕಂಪ್ಯೂಟರ್ ಬೂಟ್ ಆಗದೆ ನಿಂತರೆ ಎಲ್ಲರೂ ಮೊದಲು ಹೇಳೋದು ‘ಫಾರ್ಮ್ಯಾಟ್ ಹೊಡಿ’ ಅಂತ. ಈ ಸಲಹೆ ನನಗೆ ಒಂಚೂರೂ ಒಪ್ಪಿಗೆ ಇಲ್ಲ. ಬೂಟ್ ಪೆನ್‌ಡ್ರೈವ್‌ನಿಂದ (ಒಳಗಿನ ಡಿಸ್ಕ್ ಕೆಟ್ಟಿದ್ದರೂ ಕಂಪ್ಯೂಟರ್ ಎಬ್ಬಿಸೋ ಪೆನ್‌ಡ್ರೈವ್) ಹೊಸ ಸಿಸ್ಟಮ್ ಹಾಕೋದು ಆಮೇಲಿನ ಮಾತು. ಮೊದಲು ಅದೇ ಪೆನ್‌ಡ್ರೈವ್‌ನಿಂದ ಮೆಷಿನ್ ಒಳಗೆ ಹೋಗಿ ಏನು ಕೆಟ್ಟಿದೆ ನೋಡಬೇಕು, ಇರೋ ಫೈಲುಗಳನ್ನ ಹೊರಗೆ ತೆಗೆಯಬೇಕು. ಮುಂಬಾಗಿಲು ಜಾಮ್ ಆದರೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಸಾಮಾನು ತರಲ್ವಾ, ಹಾಗೆ.

ನನ್ನ ಕೈಗೆ ಬಂದಿದ್ದು ಅಕ್ಕನ ಲ್ಯಾಪ್‌ಟಾಪ್. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್, ತಿರುಗೋ ಹಾರ್ಡ್ ಡಿಸ್ಕ್. ಆನ್ ಮಾಡಿದರೆ ಕಂಪನಿ ಲೋಗೊ ಬರುತ್ತಿತ್ತು, ಆಮೇಲೆ ಕಪ್ಪು ಪರದೆ ಮೇಲೆ ‘ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್’ ಅಂತ ಒಂದು ಸಾಲು, ಅಷ್ಟೇ. ಇದನ್ನ ನೋಡಿ ಅಕ್ಕ ‘ಸತ್ತೇಹೋಯ್ತು ಕಣೋ’ ಅಂದಳು. ನನಗೆ ಸಮಾಧಾನ ಆಗಿತ್ತು. ಯಾಕಂದ್ರೆ ಲೋಗೊ ಬಂತು ಅಂದರೆ ಮದರ್‌ಬೋರ್ಡ್, ರ‍್ಯಾಮ್, ಪರದೆ ಮೂರೂ ಕೆಲಸ ಮಾಡ್ತಿವೆ ಅಂತ ಅರ್ಥ. ತೊಂದರೆ ಇದ್ದಿದ್ದು ಡಿಸ್ಕ್‌ನಲ್ಲಿ, ಅಥವಾ ಡಿಸ್ಕ್ ಮೇಲಿರೋ ವಿಂಡೋಸ್‌ನಲ್ಲಿ.

ಪೆನ್‌ಡ್ರೈವ್ ಬರೆಯೋಕೆ ಮುಂಚೆ ಎರಡು ವಿಷಯ ಗೊತ್ತಿರಲೇಬೇಕು. ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಒಂದು, ಪ್ರೊಸೆಸರ್ 32 ಬಿಟ್‌ದೋ 64 ಬಿಟ್‌ದೋ. ಕೋರ್ 2 ಡ್ಯುಯೊ 64 ಬಿಟ್, ಆದರೆ ಅದಕ್ಕಿಂತ ಸ್ವಲ್ಪ ಮುಂಚೆ ಬಂದ ಕೋರ್ ಡ್ಯುಯೊ (ನಡುವೆ 2 ಇಲ್ಲದ್ದು) ಬರೀ 32 ಬಿಟ್. ಹೆಸರು ಹತ್ತಿರ ಹತ್ತಿರ ಇರೋದ್ರಿಂದ ಸ್ಟಿಕರ್ ಸರಿಯಾಗಿ ಓದಿ. 32 ಬಿಟ್ ಮೆಷಿನ್ ಆದರೆ ಆಯ್ಕೆ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದೆ. ವಿಂಡೋಸ್ ಬದಲು ಹಾಕೋ ಉಚಿತ ಸಿಸ್ಟಮ್ ಲಿನಕ್ಸ್‌ನಲ್ಲಿ ಹಲವು ಬಗೆ ಇವೆ. ಅದರಲ್ಲಿ ಉಬುಂಟು 2017ರಲ್ಲೇ 32 ಬಿಟ್ ಡೆಸ್ಕ್‌ಟಾಪ್ ಇಮೇಜ್ (ಇನ್‌ಸ್ಟಾಲ್ ಮಾಡೋಕೆ ಇಳಿಸಿಕೊಳ್ಳೋ ಫೈಲ್) ಕೊಡೋದು ನಿಲ್ಲಿಸಿತು, 2025ರಲ್ಲಿ ಬಂದ ಡೆಬಿಯನ್ 13ರಲ್ಲೂ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಆಂಟಿಎಕ್ಸ್, ಪಪ್ಪಿ, ಟೈನಿ ಕೋರ್ ತರದ ಹಗುರ ಲಿನಕ್ಸ್‌ಗಳಲ್ಲಿ ಹುಡುಕಬೇಕು.

ಎರಡು, ಮೆಷಿನ್ ಹಳೇ ಬಯೋಸ್‌ನದೋ ಯುಇಎಫ್‌ಐದೋ. ಆನ್ ಮಾಡಿದ ತಕ್ಷಣ ಮೊದಲು ಓಡಿ ಸಿಸ್ಟಮನ್ನ ಎಬ್ಬಿಸೋ ಮದರ್‌ಬೋರ್ಡ್ ಪ್ರೋಗ್ರಾಮ್ ಬಯೋಸ್, ಯುಇಎಫ್‌ಐ ಅದರ ಹೊಸ ರೂಪ. ಬಯೋಸ್ ಆದರೆ ಡಿಸ್ಕ್‌ನ ಮೊದಲ 512 ಬೈಟ್ ಓದುತ್ತೆ, ಅದನ್ನೇ ಬೂಟ್ ಸೆಕ್ಟರ್ ಅನ್ನೋದು. ಅದರ ಕೊನೇ ಎರಡು ಬೈಟ್ 55 ಮತ್ತು ಎಎ ಅಂತ ಇದ್ದರೆ ಇದು ಬೂಟ್ ಆಗೋ ಡಿಸ್ಕ್ ಅಂತ ಒಪ್ಪಿಕೊಂಡು ಅಲ್ಲಿರೋ ಕೋಡ್ ಓಡಿಸುತ್ತೆ. ಐಎಸ್‌ಒ ಫೈಲನ್ನ (ಇಳಿಸಿಕೊಂಡ ಇಮೇಜ್) ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗದೇ ಇರೋದು ಇದಕ್ಕೇ. ಫೈಲ್ ಅಲ್ಲಿರುತ್ತೆ, ಆದರೆ ಮೊದಲ ಸೆಕ್ಟರ್‌ನಲ್ಲಿ ಅದನ್ನ ಎಬ್ಬಿಸೋ ಕೋಡ್ ಇರಲ್ಲ. ಯುಇಎಫ್‌ಐ ಆದರೆ ಬೇರೆ ದಾರಿ. ಅದು ಪೆನ್‌ಡ್ರೈವ್‌ನ ಫ್ಯಾಟ್ ಪಾರ್ಟಿಷನ್‌ನಲ್ಲಿ (ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಭಾಗ) ‘ಇಎಫ್‌ಐ’ ಅನ್ನೋ ಫೋಲ್ಡರ್ ಹುಡುಕಿ, ಅದರೊಳಗಿನ ಬೂಟ್ ಫೈಲ್ ಓಡಿಸುತ್ತೆ. ಕೆಲವು ಹಳೇ ಆಟಮ್ ಟ್ಯಾಬ್ಲೆಟ್‌ಗಳಲ್ಲಿ ಪ್ರೊಸೆಸರ್ 64 ಬಿಟ್, ಯುಇಎಫ್‌ಐ ಮಾತ್ರ 32 ಬಿಟ್ ಇರುತ್ತೆ. ಅಂಥದ್ದಕ್ಕೆ ಇಮೇಜ್‌ನಲ್ಲಿ 32 ಬಿಟ್ ಬೂಟ್ ಫೈಲ್ ಇದೆಯಾ ನೋಡಿಕೊಳ್ಳಬೇಕು. ಇಲ್ಲ ಅಂದರೆ ಪೆನ್‌ಡ್ರೈವ್ ಸರಿ ಇದ್ದರೂ ಬೂಟ್ ಆಗಲ್ಲ.

ನನ್ನದು 64 ಬಿಟ್, ಬರೀ ಬಯೋಸ್. ವಿಂಡೋಸ್ 11 ಯೋಚನೆಯೇ ಬೇಡ, ಅದರ 24ಎಚ್2 ಆವೃತ್ತಿಯಿಂದ ಇಂಥ ಪ್ರೊಸೆಸರ್‌ನಲ್ಲಿ ಬೂಟ್ ಕೂಡ ಆಗಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಇರೋ ಎಂಎಕ್ಸ್ ಲಿನಕ್ಸ್ ಆರಿಸಿಕೊಂಡೆ.

ಇಮೇಜ್ ಇಳಿಸಿದ ಮೇಲೆ ಅದರ ಎಸ್‌ಎಚ್‌ಎ-256 (ಫೈಲ್‌ನ ಬೆರಳಚ್ಚಿನಂಥ ಕೋಡ್) ಸೈಟ್‌ನಲ್ಲಿ ಕೊಟ್ಟಿದ್ದಕ್ಕೆ ತಾಳೆ ನೋಡಿ ಅಂತ ಎಷ್ಟು ಹೇಳಿದರೂ ಜನ ಬಿಟ್ಟುಬಿಡ್ತಾರೆ. ಇಳಿಸುವಾಗ ನೆಟ್ ಕಟ್ ಆಗಿ ಫೈಲ್ ಕೊನೆಯಲ್ಲಿ ಅರ್ಧ ಉಳಿದರೂ ಮೆನು ಬರುತ್ತೆ, ಲೋಡ್ ಆಗ್ತಾ ಆಗ್ತಾ ಎಲ್ಲೋ ನಿಲ್ಲುತ್ತೆ, ಆಗ ನಾವು ರ‍್ಯಾಮ್ ಮೇಲೆ ಅನುಮಾನ ಪಟ್ಟು ಒದ್ದಾಡಬೇಕು. ತಾಳೆ ನೋಡೋಕೆ ಒಂದು ನಿಮಿಷ ಸಾಕು.

ಬರೆಯೋಕೆ ಇನ್ನೊಂದು ವಿಂಡೋಸ್ ಮೆಷಿನ್‌ನಲ್ಲಿ ರೂಫಸ್ ಅನ್ನೋ ಟೂಲ್ ಬಳಸಿದೆ. ಪಾರ್ಟಿಷನ್ ಸ್ಕೀಮ್ ಎಂಬಿಆರ್ (ಬಯೋಸ್‌ಗೆ ಹೊಂದೋ ಹಳೇ ರೀತಿ) ಇಟ್ಟೆ. ಐಎಸ್‌ಒ ಮೋಡ್ ಬೇಕಾ ಡಿಡಿ ಮೋಡ್ ಬೇಕಾ ಅಂತ ಕೇಳುತ್ತೆ, ಲಿನಕ್ಸ್ ಇಮೇಜ್‌ಗೆ ನಾನು ಡಿಡಿ ಮೋಡ್ ಕೊಡ್ತೀನಿ, ಇಮೇಜ್ ಹೇಗಿದೆಯೋ ಹಾಗೇ ಬೈಟ್ ಬೈಟ್ ಬರೆಯುತ್ತೆ. ಪೆನ್‌ಡ್ರೈವ್‌ನಲ್ಲಿ ಮುಂಚೆ ಇದ್ದಿದ್ದೆಲ್ಲ ಹೋಗುತ್ತೆ ಅನ್ನೋದು ನೆನಪಿರಲಿ. ಬರೆದ ಮೇಲೆ ವಿಂಡೋಸ್ ‘ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕಾ’ ಅಂತ ಕೇಳಬಹುದು. ಬೇಡ ಅನ್ನಿ. ಅದಕ್ಕೆ ಒಳಗಿರೋದು ಅರ್ಥ ಆಗಿಲ್ಲ ಅಷ್ಟೇ. ತುಂಬಾ ಮೆಷಿನ್ ರಿಪೇರಿ ಮಾಡೋರಿಗೆ ವೆಂಟಾಯ್ ಒಳ್ಳೇದು, ಒಂದು ಸಲ ಹಾಕಿಟ್ಟರೆ ಆಮೇಲೆ ಐಎಸ್‌ಒ ಫೈಲುಗಳನ್ನ ನಿಜವಾಗಲೂ ಕಾಪಿ ಪೇಸ್ಟ್ ಮಾಡಿದರೆ ಸಾಕು, ಬೂಟ್ ಮಾಡುವಾಗ ಮೆನು ತೋರಿಸುತ್ತೆ.

ಬೂಟ್ ಮೆನು ಕೀ ಒಂದೊಂದು ಕಂಪನಿಗೆ ಒಂದೊಂದು. ಎಫ್12, ಎಫ್9, ಎಫ್11, ಎಸ್ಕೇಪ್ ಇವುಗಳಲ್ಲಿ ಒಂದು ಸಾಮಾನ್ಯವಾಗಿ ಇರುತ್ತೆ. ಪವರ್ ಒತ್ತಿದ ತಕ್ಷಣದಿಂದ ಟಕ ಟಕ ಅಂತ ಒತ್ತುತ್ತಾ ಇರಬೇಕು, ಲೋಗೊ ಹೋದ ಮೇಲೆ ಒತ್ತಿದರೆ ತಡ ಆಯ್ತು. ಪೆನ್‌ಡ್ರೈವನ್ನ ಯುಎಸ್‌ಬಿ 2 ಪೋರ್ಟ್‌ಗೇ ಹಾಕಿ. ಹಳೇ ಮೆಷಿನ್‌ಗಳಲ್ಲಿ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಇದ್ದರೂ ಡ್ರೈವರ್ ಬರೋವರೆಗೆ ಬಯೋಸ್‌ಗೆ ಅದು ಕಾಣಿಸದೇ ಇರಬಹುದು. ಲಿನಕ್ಸ್ ಲೋಡ್ ಆಗಿ ಪರದೆ ಕಪ್ಪಾಗೇ ಉಳಿದರೆ ಗ್ರಾಫಿಕ್ಸ್ ಡ್ರೈವರ್ ತಕರಾರು ಅಂದುಕೊಳ್ಳಿ. ಬೂಟ್ ಮೆನುವಿನಲ್ಲಿ ಇ ಅಥವಾ ಟ್ಯಾಬ್ ಒತ್ತಿ, ಲಿನಕ್ಸ್ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ (nomodeset) ಅಂತ ಇಂಗ್ಲಿಷ್‌ನಲ್ಲಿ ಸೇರಿಸಿದರೆ ಸಾಮಾನ್ಯವಾಗಿ ಪರದೆ ಬರುತ್ತೆ.

ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪ್ ನೇರವಾಗಿ ಬಂತು. ಇದೆಲ್ಲ ಓಡ್ತಿದ್ದದ್ದು ಪೆನ್‌ಡ್ರೈವ್ ಮತ್ತು ರ‍್ಯಾಮ್‌ನಲ್ಲಿ, ಒಳಗಿನ ಡಿಸ್ಕನ್ನ ಇನ್ನೂ ಯಾರೂ ಮುಟ್ಟಿರಲಿಲ್ಲ. ಇದೇ ನನಗೆ ಬೇಕಿದ್ದ ಜಾಗ. ಮೊದಲು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಸ್ಮಾರ್ಟ್ ವರದಿ ತೆಗೆದೆ. ಅದರಲ್ಲಿ ನೋಡಬೇಕಾದ್ದು 5ನೇ ನಂಬರಿನ ಸಾಲು ಮತ್ತು 197ನೇ ನಂಬರಿನದು. ಮೊದಲನೇದು ಡಿಸ್ಕ್ ಈಗಾಗಲೇ ಕೈಬಿಟ್ಟು ಬೇರೆ ಕಡೆಗೆ ಬದಲಿಸಿದ ಸೆಕ್ಟರ್‌ಗಳು, ಎರಡನೇದು ಓದೋಕೆ ಆಗದೆ ಬಾಕಿ ನಿಂತಿರೋ ಸೆಕ್ಟರ್‌ಗಳು. ಎರಡರಲ್ಲೂ ಸೊನ್ನೆ ಇರಬೇಕಿತ್ತು, ಇರಲಿಲ್ಲ. ಅಂದರೆ ಡಿಸ್ಕ್ ಸಾಯ್ತಾ ಇತ್ತು.

ಇಂಥ ಹೊತ್ತಲ್ಲಿ ವಿಂಡೋಸ್‌ನ ಡಿಸ್ಕ್ ರಿಪೇರಿ ಟೂಲ್ ‘ಚೆಕ್‌ಡಿಸ್ಕ್’ ಓಡಿಸಬೇಡಿ. ಅದು ಫೈಲ್ ಸಿಸ್ಟಮ್ ಸರಿ ಮಾಡೋಕೆ ಅಂತ ಸಾಯೋ ಡಿಸ್ಕ್ ಮೇಲೇ ಬರೆಯುತ್ತೆ. ನಾನು ಹೊರಗಿನ ಹಾರ್ಡ್ ಡಿಸ್ಕ್ ಹಾಕಿ ಡಿಡಿರೆಸ್ಕ್ಯೂ ಅನ್ನೋ ಟೂಲ್‌ನಿಂದ ಇಡೀ ಡಿಸ್ಕ್‌ನ ಇಮೇಜ್ (ಪಡಿಯಚ್ಚು) ತೆಗೆದೆ. ಇದು ಮೊದಲು ಸಲೀಸಾಗಿ ಬರೋದನ್ನೆಲ್ಲ ಎತ್ತಿಕೊಂಡು, ಹಠ ಮಾಡೋ ಜಾಗಗಳನ್ನ ಹಾರಿಸಿ, ಅವುಗಳಿಗೆ ಕೊನೆಗೆ ಬರುತ್ತೆ. ಎಲ್ಲಿವರೆಗೆ ಬಂದಿದೆ ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳೋದ್ರಿಂದ ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಪರದೆಯಲ್ಲಿ ಸ್ಪೀಡ್ ಚೆನ್ನಾಗಿ ಓಡ್ತಾ ಇದ್ದು, ಕೆಟ್ಟ ಜಾಗ ಸಿಕ್ಕ ತಕ್ಷಣ ಸೊನ್ನೆಗೆ ಬೀಳೋದು, ಡಿಸ್ಕ್ ಒಳಗಿಂದ ಕಟ್ ಕಟ್ ಸದ್ದು, ಮತ್ತೆ ಓಟ. ರಾತ್ರಿಯೆಲ್ಲ ಬಿಟ್ಟಿದ್ದೆ. ಬೆಳಗ್ಗೆ ಆ ಇಮೇಜನ್ನ ಓದೋಕೆ ಮಾತ್ರ ಅಂತ ಮೌಂಟ್ ಮಾಡಿದಾಗ (ಡಿಸ್ಕ್ ತರ ತೆರೆದಾಗ) ಅಕ್ಕನ ಫೋಟೋ ಫೋಲ್ಡರ್‌ಗಳು ಕಂಡವು. ಕೆಲವು ವಿಡಿಯೋ ಅರ್ಧಕ್ಕೆ ನಿಲ್ಲುತ್ತವೆ, ಫೋಟೋಗಳು ಹೆಚ್ಚುಕಡಿಮೆ ಎಲ್ಲ ಬಂದಿವೆ. ಫಾರ್ಮ್ಯಾಟ್ ಹೊಡೆದಿದ್ದರೆ ಇಷ್ಟು ಸಿಗ್ತಿರಲಿಲ್ಲ.

ಉಳಿದಿದ್ದು ಸಲೀಸು. ಹಳೇ ಡಿಸ್ಕ್ ಬಿಚ್ಚಿ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ಡಿಸ್ಕ್) ಹಾಕಿದೆ. ಬಯೋಸ್‌ನಲ್ಲಿ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗ್ತಿತ್ತು, ಮದರ್‌ಬೋರ್ಡ್ ಮೇಲಿನ 3 ವೋಲ್ಟ್‌ನ ಸೆಲ್ ಬದಲಿಸಿದೆ. ಇದನ್ನ ಚಿಕ್ಕದು ಅಂತ ಬಿಡಬೇಡಿ, ತಾರೀಕು ತಪ್ಪಿದ್ದರೆ ಬ್ರೌಸರ್ ಪ್ರತಿ ಸೈಟ್‌ಗೂ ಸರ್ಟಿಫಿಕೇಟ್ ಸರಿ ಇಲ್ಲ ಅಂತ ತಕರಾರು ಮಾಡುತ್ತೆ. ಆಮೇಲೆ ಅದೇ ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡಿ, ರ‍್ಯಾಮ್ ಕಡಿಮೆ ಇರೋದ್ರಿಂದ ಝೀರ‍್ಯಾಮ್ ಆನ್ ಮಾಡಿದೆ. ಅದು ರ‍್ಯಾಮ್‌ನಲ್ಲೇ ಡೇಟಾನ ಒತ್ತಿ ಚಿಕ್ಕದು ಮಾಡಿ ಇಡುತ್ತೆ. 2 ಜಿಬಿಯಲ್ಲಿ ಬ್ರೌಸರ್‌ನ ನಾಲ್ಕೈದು ಟ್ಯಾಬ್ ಆರಾಮಾಗಿ ನಡೆಯುತ್ತೆ, ಅದಕ್ಕಿಂತ ಜಾಸ್ತಿ ತೆರೆದರೆ ಎಳೆದಾಡುತ್ತೆ. ಕಾಗದ ಪತ್ರ ಟೈಪ್ ಮಾಡೋಕೆ, ಫೋಟೋ ನೋಡೋಕೆ, ಪಾಠದ ವಿಡಿಯೋ ಕಡಿಮೆ ರೆಸೊಲ್ಯೂಷನ್‌ನಲ್ಲಿ ನೋಡೋಕೆ ಸಾಕು.

ಇನ್‌ಸ್ಟಾಲ್ ಮುಗಿದು ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ಕಿತ್ತುಬಿಡಿ, ಇಲ್ಲ ಅಂದರೆ ಕೆಲವು ಮೆಷಿನ್ ಮತ್ತೆ ಅದರಿಂದಲೇ ಬೂಟ್ ಆಗುತ್ತೆ. ಡಿಡಿ ಮೋಡ್‌ನಲ್ಲಿ ಬರೆದ ಪೆನ್‌ಡ್ರೈವ್ ವಿಂಡೋಸ್‌ನಲ್ಲಿ ತುಂಬಾ ಚಿಕ್ಕ ಸೈಜ್ ತೋರಿಸಿದರೂ ಹೆದರಬೇಡಿ, ಅದು ಹಾಳಾಗಿಲ್ಲ. ರೂಫಸ್‌ನಲ್ಲಿ ‘ನಾನ್ ಬೂಟಬಲ್’ ಆರಿಸಿ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ವಾಪಸ್ ಬರುತ್ತೆ.