ಬೆನ್ನಿಗೆ ಸೂಜಿ ಹಾಕುವ ಮೊದಲು ಹಳೇ ಜೋಮು ಬರೆಸಿ

ಅಡಿಕೆ ಚೀಲ ಎತ್ತಿ ಎತ್ತಿ ನನ್ನ ಸೊಂಟ ಹೋಗಿದೆ. ಸೊಂಟದ ಎಲ್4-ಎಲ್5 ಮೂಳೆಗಳ ನಡುವಿನ ಡಿಸ್ಕ್ ಜಾರಿದೆ, ನರದ ದಾರಿಯೂ ಕಿರಿದಾಗಿದೆ. ನವರಾತ್ರಿ ಹೊತ್ತಿಗೆ ಶಿರಸಿಯಲ್ಲಿ ಹರ್ನಿಯಾ ಆಪರೇಶನ್ ಆಯಿತು. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಸೂಜಿ ಎಂದಾಗ ಡಿಸ್ಕಿನ ಸುದ್ದಿ ಎತ್ತಲೇ ಇಲ್ಲ. ಹೇಳಿದರೆ ಮುಂದೆ ಹಾಕುತ್ತಾರೆ, ಅಷ್ಟರಲ್ಲಿ ಕೊನೆಕೊಯ್ಲು ಬರುತ್ತದೆ ಅಂತ. ದಡ್ಡತನ, ಅಲ್ವಾ?

ಸಂಜೆ ಮರಗಟ್ಟಿದ್ದು ಬಿಟ್ಟು ಕಾಲು ಅಲ್ಲಾಡಿದವು. ಬಲಗಾಲಿನ ಹೆಬ್ಬೆರಳು ಮಾತ್ರ ಜೋಮು. ಅದು ಮೂರು ವರ್ಷದ ಹಳೇ ಜೋಮು, ಆದರೆ ಯಾವ ಕಾಗದದಲ್ಲೂ ಇರಲಿಲ್ಲ. ಸೂಜಿಯಿಂದಲೇ ಆಯಿತೇನೋ ಎಂದು ಡಾಕ್ಟರು ಗಾಬರಿಯಾದರು. ಹುಬ್ಬಳ್ಳಿಗೆ ಒಯ್ಯಲು ಆಂಬ್ಯುಲೆನ್ಸ್ ಹೇಳುವ ಮಾತು ಬಂದಾಗ ನಾನು ಬಾಯಿ ಬಿಟ್ಟೆ. ಮನೆಯವಳ ಮುಖ ನೋಡಲಾಗಲಿಲ್ಲ.

ನೀವು ಹೀಗೆ ಮಾಡಿ. ಹಿಂದಿನ ದಿನ ಕಣ್ಣು ಮುಚ್ಚಿ ಕೂತು, ಮನೆಯವರ ಕೈಲಿ ಹತ್ತಿಯಿಂದ ಎರಡೂ ಕಾಲು, ಪಾದ, ಬೆರಳು ಮುಟ್ಟಿಸಿಕೊಳ್ಳಿ. ಗೊತ್ತಾಗದ ಜಾಗದ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆಯಲಿ. ಆಮೇಲೆ ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ತುದಿಗಾಲ ಮೇಲೆ ನಾಲ್ಕು ಹೆಜ್ಜೆ ನಡೆಯಿರಿ. ಯಾವ ಕಾಲು ಸೋಲುತ್ತದೆ ನೋಡಿ. ಇದನ್ನೆಲ್ಲ ಅರಿವಳಿಕೆ ಡಾಕ್ಟರಿಗೆ ತೋರಿಸಿ, ಕೇಸ್ ಪೇಪರಿನಲ್ಲಿ ಬರೆಸಿ.

ಎಂ.ಆರ್.ಐ. ರಿಪೋರ್ಟ್ ಜೊತೆ ಫಿಲ್ಮನ್ನೂ ಒಯ್ಯಿರಿ. ಬೆನ್ನಿನಲ್ಲಿ ರಾಡು, ಸ್ಕ್ರೂ ಇದ್ದರೆ ಹೇಳಿ. ಹಳೇ ಆಪರೇಶನ್ ಜಾಗ ಒಳಗೆ ಗಟ್ಟಿಯಾಗಿರುತ್ತದೆ. ಸೂಜಿ ಹೋಗುವುದು ಕಷ್ಟ, ಎಪಿಡ್ಯೂರಲ್ (ನರದ ಚೀಲದ ಹೊರಗೆ ಬಿಡುವ) ಔಷಧಿ ಎಲ್ಲ ಕಡೆ ಹರಡದೆಯೂ ಇರಬಹುದು. ನರದ ದಾರಿ ಕಿರಿದಾದವರಿಗೆ ಎಪಿಡ್ಯೂರಲ್‌ನಲ್ಲಿ ಇನ್ನೊಂದು ಭಯ. ಸ್ಪೈನಲ್‌ಗೆ (ಅದು ಚೀಲದ ಒಳಗೇ ಬಿಡುವುದು) ಎರಡು-ಮೂರು ಎಂ.ಎಲ್. ಔಷಧಿ ಸಾಕು, ಎಪಿಡ್ಯೂರಲ್‌ಗೆ ಹಲವು ಪಟ್ಟು ಬೇಕು. ಮೊದಲೇ ಇಕ್ಕಟ್ಟಿನ ಜಾಗ, ಒತ್ತಡ ಜಾಸ್ತಿಯಾಗುತ್ತದೆ. ಹಾಗಂತ ಸೊಂಟನೋವಿದ್ದವರಿಗೆಲ್ಲ ಸೂಜಿ ಬೇಡ ಅಂತಲ್ಲ. ನನಗೇ ಏನೂ ಆಗಲಿಲ್ಲ. ಯಾವುದು ಸರಿ ಎಂದು ಡಾಕ್ಟರೇ ಹೇಳಲಿ, ಆದರೆ ಎಲ್ಲ ಗೊತ್ತಿದ್ದು ಹೇಳಲಿ.

ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಚೀಟಿ ಸಮೇತ ತೋರಿಸಿ. ಕ್ಲೊಪಿಡೊಗ್ರೆಲ್ ಆದರೆ ಸಾಮಾನ್ಯವಾಗಿ 5ರಿಂದ 7 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ನಾವೇ ಸುಮ್ನೆ ನಿಲ್ಲಿಸಬಾರದು, ಹೃದಯಕ್ಕೆ ಅಪಾಯ.

ಸೂಜಿ ಹಾಕಿದ ಜಾಗದ ಒಳಗೆ ರಕ್ತ ಹೆಪ್ಪುಗಟ್ಟಿ ನರ ಒತ್ತುವುದು ತೀರಾ ಅಪರೂಪ. ಆದರೆ ಬಂದ ಶಕ್ತಿ ಮತ್ತೆ ಹೋದರೆ, ಹೊತ್ತು ಮೀರಿದರೂ ಮರಗಟ್ಟಿದ್ದು ಬಿಡದಿದ್ದರೆ, ಮೂತ್ರ ಕಟ್ಟಿದರೆ, ಬೆನ್ನಲ್ಲಿ ಹೊಸ ನೋವು ಜೋರಾದರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ನರ್ಸನ್ನು ಕರೆಯಿರಿ. ಸುಮಾರು 8 ಗಂಟೆಯೊಳಗೆ ಹೆಪ್ಪು ತೆಗೆದರೆ ಕಾಲು ಉಳಿಯುವ ಆಸೆ ಹೆಚ್ಚು. ಹುಬ್ಬಳ್ಳಿಗೇ ಹೋಗಬೇಕಾದರೆ ಶಿರಸಿಯಿಂದ ಸುಮಾರು 100 ಕಿ.ಮೀ. ದಾರಿ, ಆ ಹೊತ್ತೂ ಈ 8 ಗಂಟೆಯಲ್ಲೇ ಸೇರಿತು.