ಬಾತ್‌ರೂಮ್ ಗೋಡೆಯ ಸದ್ದನ್ನು ನಾನು ಇಳಿಸಿದ್ದು ಹೀಗೆ

ರಾಜಾಜಿನಗರದ ನಮ್ಮ ಹಳೇ ಮನೆಯಲ್ಲಿ ಅಪ್ಪ ಮಲಗುವ ರೂಮಿಗೂ ಬಾತ್‌ರೂಮಿಗೂ ಮಧ್ಯೆ ಇರುವುದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ರಾತ್ರಿ ಯಾರಾದರೂ ಫ್ಲಶ್ ಮಾಡಿದರೆ ಅಪ್ಪನಿಗೆ ಎಚ್ಚರ. ನೀರು ಜಿನುಗುತ್ತಿದ್ದರಿಂದ ಹೇಗೂ ಟೈಲ್ಸ್ ಒಡೆಸುವುದಿತ್ತು. ಸದ್ದಿನ ಕೆಲಸವನ್ನೂ ಅದರ ಜೊತೆಗೇ ಹಿಡಿದೆ. ಟೈಲ್ಸ್ ಕೂತ ಮೇಲೆ ಪೈಪ್ ಮುಟ್ಟಲು ಆಗುವುದಿಲ್ಲ, ಅಲ್ವಾ?

ಮೇಸ್ತ್ರಿ "ಇನ್ನೊಂದು ಕೋಟ್ ಪ್ಲಾಸ್ಟರ್ ಹೊಡೆದುಬಿಡೋಣ ಸಾರ್" ಅಂದರು. ನಾನು ಒಪ್ಪಲಿಲ್ಲ. ಗೋಡೆಯ ತೂಕ ಎರಡರಷ್ಟಾದರೂ ಸದ್ದು ಇಳಿಯುವುದು ಹೆಚ್ಚೆಂದರೆ 6 ಡೆಸಿಬೆಲ್. ಕಿವಿಗೆ ಅರ್ಧ ಕಡಿಮೆಯಾಯಿತು ಅನ್ನಿಸಬೇಕಾದರೆ ಸುಮಾರು 10 ಇಳಿಯಬೇಕು. ಅರ್ಧ ಇಂಚು ಗಾರೆ ಯಾವ ಲೆಕ್ಕ! ಮೊಟ್ಟೆ ಟ್ರೇ ಥರದ ಫೋಮ್ ಅಂಟಿಸಿ ಅಂದವರೂ ಇದ್ದರು. ಅದು ರೂಮಿನೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ ಅಷ್ಟೇ. ಆಚೆಯ ಸದ್ದನ್ನು ತಡೆಯುವುದಿಲ್ಲ.

ಒಡೆಯುವ ಮೊದಲು ಒಂದು ಪರೀಕ್ಷೆ ಮಾಡಿದೆ. ಮಗಳನ್ನು ಒಳಗೆ ನಿಲ್ಲಿಸಿ ನಲ್ಲಿ, ಫ್ಲಶ್, ಶವರ್ ಒಂದೊಂದಾಗಿ ಬಿಡಿಸಿದೆ, ಸುಮ್ನೆ ಮಾತಾಡು ಅಂತಲೂ ಹೇಳಿದೆ. ಈಚೆಗೆ ನಾನು ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ಮಾತು ಬರುತ್ತಿದ್ದುದು ಗೋಡೆಯಿಂದಲ್ಲ, ಸ್ವಿಚ್ ಬೋರ್ಡಿನಿಂದ. ಗೀಸರ್ ಬಾಕ್ಸೂ ಅಪ್ಪನ ಫ್ಯಾನ್ ಬೋರ್ಡೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದವು. ಮಧ್ಯೆ ಇಟ್ಟಿಗೆಯೇ ಇರಲಿಲ್ಲ. ನೀರಿನ ಸದ್ದಿನ ಕಥೆ ಬೇರೆ. ಪೈಪನ್ನು ಗೋಡೆಯಲ್ಲಿ ಹೂತು ಸಿಮೆಂಟ್ ಮೆತ್ತಿದ್ದರು. ಪೈಪ್ ನಡುಗಿದರೆ ಇಡೀ ಗೋಡೆಯೇ ತಮಟೆ.

ಹಾಗಾಗಿ ಈ ಸಲ ಆ ಗೋಡೆಗೆ ಗ್ರೂವ್ (ಪೈಪ್ ಹೂಳುವ ಕಾಲುವೆ) ಹೊಡೆಯಲು ಬಿಡಲಿಲ್ಲ. ನಾಲ್ಕೂವರೆ ಇಂಚಿನಲ್ಲಿ ಪೈಪಿಗೆ ಅಂತ ಎರಡು ಇಂಚು ಕೊರೆದರೆ ಉಳಿಯುವುದೆಷ್ಟು? ಹಳೇ ಗ್ರೂವ್‌ಗಳನ್ನೂ ಬೋರ್ಡಿನ ತೂತನ್ನೂ ಇಟ್ಟಿಗೆ ಚೂರು, ಗಾರೆ ತುಂಬಿಸಿ ಮುಚ್ಚಿಸಿದೆ. ಬೋರ್ಡುಗಳನ್ನು ಬೇರೆ ಬೇರೆ ಕಡೆಗೆ ಸರಿಸಿದೆವು. ಬಾತ್‌ರೂಮಿನ ಕಡೆ ಗೋಡೆಯ ಮುಂದೆ ನಾಲ್ಕು ಅಡಿ ಎತ್ತರದ ಇನ್ನೊಂದು ಮೋಟು ಗೋಡೆ ಕಟ್ಟಿಸಿ, ಪೈಪುಗಳನ್ನೆಲ್ಲ ಎರಡರ ಮಧ್ಯದ ಸಂದಿನಲ್ಲಿ ಎಳೆಸಿದೆ. ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಟ್ಯೂಬನ್ನೇ ನೀರಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪಿಗೂ ತೊಡಿಸಿದೆ. ಕ್ಲಾಂಪ್‌ಗಳೂ ಒಳಗೆ ರಬ್ಬರ್ ಇರುವಂಥವು. ಪ್ಲಂಬರ್‌ಗೆ ಇದು ಅತಿಯಾಯ್ತು ಅನ್ನಿಸಿತು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕಾಸಿಗೆ ತಕ್ಕ ಫಲ ಜಾಸ್ತಿ ಕೊಟ್ಟದ್ದು ಇದೇ. ಮೋಟು ಗೋಡೆಯ ಮೇಲೆ ಗ್ರಾನೈಟ್ ಹಾಸಿದ್ದರಿಂದ ಸೋಪು, ಶಾಂಪೂ ಇಡಲು ಜಾಗವೂ ಆಯ್ತು. ಫ್ಲಶ್ ಟ್ಯಾಂಕನ್ನು ಗೋಡೆಗೆ ನೇತುಹಾಕದೆ ಕಮೋಡಿನ ಮೇಲೇ ಕೂರುವಂಥದ್ದು ತಂದೆ. ಟ್ಯಾಂಕಿಗೆ ನೀರು ಬಿಡುವ ಆಂಗಲ್ ವಾಲ್ವನ್ನು ಸ್ವಲ್ಪ ತಿರುಗಿಸಿ ನೀರಿನ ರಭಸ ತಗ್ಗಿಸಿದ ಮೇಲೆ ಟ್ಯಾಂಕ್ ತುಂಬುವಾಗಿನ ಸುಯ್ ಸದ್ದೂ ತಗ್ಗಿತು.

ಅಪ್ಪನ ರೂಮಿನ ಕಡೆ ಜಿಪ್ಸಮ್ ಬೋರ್ಡಿನ ಇನ್ನೊಂದು ಗೋಡೆ ನಿಲ್ಲಿಸುವ ಕೆಲಸವನ್ನು ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ಬಾತ್‌ರೂಮಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, 48 ಗಂಟೆ ನೀರು ನಿಲ್ಲಿಸಿ ನೋಡಿ, ಗೋಡೆ ಪೂರ್ತಿ ಒಣಗುವವರೆಗೂ ಕಾದೆ. ತೇವದ ಗೋಡೆಯ ಮುಂದೆ ಜಿಪ್ಸಮ್ ನಿಲ್ಲಿಸಿದರೆ ಒಳಗೆ ಬೂಷ್ಟು ಬರುತ್ತದೆ. ಆಮೇಲೆ ಗೋಡೆಯಿಂದ ಒಂದು ಇಂಚು ಬಿಟ್ಟು 50 ಎಂಎಂ ಜಿಐ ಚಾನೆಲ್‌ಗಳನ್ನು (ಬೋರ್ಡ್ ಹಿಡಿಯುವ ತಗಡಿನ ಪಟ್ಟಿಗಳು) ನಿಲ್ಲಿಸಿದೆವು. ನೆಲಕ್ಕೂ ಸೀಲಿಂಗಿಗೂ ಮಾತ್ರ ಸ್ಕ್ರೂ, ಅದೂ ಫೋಮ್ ಟೇಪ್ ಅಂಟಿಸಿ. ಹಿಂದಿನ ಗೋಡೆಗೆ ಒಂದೂ ಸ್ಕ್ರೂ ಬೀಳಬಾರದು, ಬಿದ್ದರೆ ಗೋಡೆಯ ನಡುಕ ಅದರ ಮೂಲಕವೇ ಈಚೆ ದಾಟುತ್ತದೆ. ಕಾರ್ಪೆಂಟರ್ ಕೈ ತಾನಾಗೇ ಗೋಡೆಯ ಕಡೆಗೆ ಹೋಗುತ್ತದೆ, ಆದ್ದರಿಂದ ಪಕ್ಕದಲ್ಲೇ ನಿಂತಿದ್ದೆ. ಚಾನೆಲ್‌ಗಳ ನಡುವೆ ರಾಕ್ ವೂಲ್ (ಕಲ್ಲಿನ ನಾರಿನ ಹತ್ತಿಯಂಥ ಹಾಸು) ತುಂಬಿಸಿ, ಮೇಲೆ 12.5 ಎಂಎಂ ಜಿಪ್ಸಮ್ ಬೋರ್ಡ್ ಎರಡು ಪದರ ಹೊಡೆಸಿದೆ. ಒಂದರ ಜಾಯಿಂಟ್ ಇನ್ನೊಂದರ ಜಾಯಿಂಟ್ ಮೇಲೆ ಬರದ ಹಾಗೆ ನೋಡಿಕೊಂಡೆವು. ಅಂಚಿನ ಸಂದುಗಳಿಗೆ ಪುಟ್ಟಿ ಬೇಡ, ಅದು ಒಣಗಿ ಬಿರುಕು ಬಿಡುತ್ತದೆ. ಬಿರುಕಿದ್ದಲ್ಲಿ ಸದ್ದು ನುಗ್ಗುತ್ತದೆ. ಮೆತ್ತಗೇ ಉಳಿಯುವ ಅಕೌಸ್ಟಿಕ್ ಸೀಲಂಟ್ ಹಾಕಿಸಿದೆ. ರೂಮಿನಲ್ಲಿ ನಾಲ್ಕು ಇಂಚು ಹೋಯ್ತು, ಮಂಚ ಅಷ್ಟು ಸರಿಯಿತು.

ಬಾತ್‌ರೂಮಿನ ತೆಳು ಪಿವಿಸಿ ಬಾಗಿಲು ತೆಗೆಸಿ ಭಾರದ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಬಾಗಿಲು ಕೂರಿಸಿ, ಚೌಕಟ್ಟಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಕೆಳಗಿನ ಸಂದು ಮಾತ್ರ ಹಾಗೇ ಇದೆ. ಅದನ್ನು ಮುಚ್ಚಿದರೆ ಎಕ್ಸಾಸ್ಟ್ ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು?

ಈಗ ಮಾತು ಕೇಳುವುದೇ ಇಲ್ಲ. ಫ್ಲಶ್ ಸದ್ದು ಕಿವಿಗೊಟ್ಟರೆ ಮಾತ್ರ ಸಣ್ಣಗೆ ಬರುತ್ತದೆ, ಅದು ನೆಲದ ಮೂಲಕ ಬರುವುದು. ಅದಕ್ಕಾಗಿ ನೆಲವನ್ನೂ ಒಡೆಸುವ ಆಸೆ ನನಗಿಲ್ಲ. ಅಪ್ಪ ಆ ಗೋಡೆಗೆ ದೇವರ ಫೋಟೋ ಹಾಕಬೇಕು ಅಂದಾಗ ಚಾನೆಲ್ ಇರುವ ಜಾಗ ಗುರುತು ಮಾಡಿ, ಅಲ್ಲೇ ಗಿಡ್ಡ ಸ್ಕ್ರೂ ಹಾಕಿಕೊಟ್ಟೆ. ಉದ್ದದ ಮೊಳೆ ಹೊಡೆದು ಅದು ಹಿಂದಿನ ಇಟ್ಟಿಗೆಗೆ ತಾಗಿದರೆ ಆ ಒಂದು ಇಂಚು ಬಿಟ್ಟದ್ದೇ ದಂಡ.